ಮೀನು 'ಬಾಯಿ ಬಿಡೋದಕ್ಕೆ' ಬರವಣಿಗೇಲಿ ಏನಂತೀರಿ?

ಎಲ್ರಿಗೂ ನಮಸ್ಕಾರ. ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಮೀನು ಸಾಕೋರಿಗೆ ಒಂದು ಸಣ್ಣ ಕೈಪಿಡಿ ಬರೀತಿದೀನಿ, ಎರಡು ಪದದ ಹತ್ರ ಬಂದು ನಿಂತುಬಿಟ್ಟಿದೀನಿ.

ನೀರನ್ನ ಹಸಿರು ಮಾಡೋ ಪಾಚಿ ಹಗಲು ಆಕ್ಸಿಜನ್ ಕೊಡುತ್ತೆ, ರಾತ್ರಿ ಅದೂ ಮೀನಿನ ಜೊತೆ ಉಸಿರಾಡಿ ಇರೋದನ್ನ ಖಾಲಿ ಮಾಡುತ್ತೆ, ತಿನ್ನದೆ ಉಳಿದ ಫೀಡು, ಸಗಣಿ ತಳದಲ್ಲಿ ಕೊಳೀತಿದ್ರೆ ಇನ್ನೂ ಬೇಗ, ಹಂಗಾಗಿ ಮೋಡ ಕವಿದ ದಿನದ ಮಾರನೇ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ತೆಗೆದು ಮುಚ್ಚಿ ಮಾಡ್ತಿರ್ತಾವೆ. ಮಂಡ್ಯದಲ್ಲಿ ನಮ್ಮನೇಲಿ ಇದಕ್ಕೆ 'ಮೀನು ಬಾಯಿ ಬಿಡ್ತಾವೆ' ಅಂತೀವಿ. ಅದನ್ನೇ ಬರೆದ್ರೆ ಗುಟ್ಟು ಹೊರಗೆ ಹಾಕಿದಂಗೆ ಕೇಳುತ್ತೆ. ಏದುಸಿರು ಓಡಿ ಬಂದೋರದ್ದು. ಉಬ್ಬಸ ಅಂದ್ರೆ ಕಾಯಿಲೆ ಅನ್ಕೊಂಡು ಔಷಧಿ ಹುಡುಕ್ತಾರೆ, ಆ ಹೊತ್ತಿಗೆ ಬೇಕಾಗಿರೋದು ನೀರು ಚಿಮ್ಮಿಸೋ ಪಂಪು.

ಇನ್ನೊಂದು ಪದ 'ಆಮ್ಲಜನಕ'. ಹೋದ ವರ್ಷ ಚಿಕ್ಕಪ್ಪನ ಹೊಂಡದಲ್ಲಿ ಹಿಂಗೇ ಆಯ್ತು, ತಳ ಬಿಟ್ಟು ಬರದಿರೋ ಮೃಗಾಲ್ ಕೂಡ ದಡದ ಹತ್ರ ಮೂತಿ ಮೇಲೆ ಮಾಡ್ಕೊಂಡಿತ್ತು. ತ್ರೀ ಫೇಸ್ ಕರೆಂಟ್ ಬರೋಕೆ ಇನ್ನೂ ಹೊತ್ತಿತ್ತು. ಕೈಲಿದ್ದ ಕರಪತ್ರದಲ್ಲಿ 'ಕರಗಿದ ಆಮ್ಲಜನಕದ ಸಮಸ್ಯೆ' ಅಂತಿತ್ತಂತೆ, ಆಮ್ಲ ಅಂದ್ರೆ ಹುಳಿ, ಹುಳಿ ನೀರಿಗೆ ಸುಣ್ಣ ಹಾಕೋದು ರೂಢಿ, ಅವ್ರು ಒಂದು ಮೂಟೆ ಸುಣ್ಣ ಸುರಿದ್ರು. ಸುಣ್ಣದಿಂದ ನೀರಿನ ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನೋ ಅಳತೆ) ಏರುತ್ತೆ, ಪಿಎಚ್ ಏರಿದ್ರೆ ನೀರಲ್ಲಿರೋ ಅಮೋನಿಯಾ ಇನ್ನೂ ವಿಷ. ಹತ್ತು ತಿಂಗಳು ಸಾಕಿದ ಮುಕ್ಕಾಲು ಕೆಜಿ ಕಾಟ್ಲಾಗಳು ಮಧ್ಯಾಹ್ನದೊಳಗೆ ಹೊಟ್ಟೆ ಮೇಲಾಗಿದ್ವು. ಹಾಕಿದ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಫೀಡಿಗೇ ಹೋಗಿತ್ತು, ಅದೂ ಸಾಲ. ಚಿಕ್ಕಮ್ಮ ಒಂದೊಂದೇ ಮೀನನ್ನ ಪುಟ್ಟಿಗೆ ಹಾಕ್ತಿದ್ದಿದ್ದು ಕಣ್ಣಿಂದ ಹೋಗಲ್ಲ.

ಅದಕ್ಕೇ ನಾನು 'ಆಕ್ಸಿಜನ್' ಅಂತಲೇ ಬರೀಬೇಕು ಅಂತ ತೀರ್ಮಾನಿಸಿದೀನಿ, ಕೋವಿಡ್ ಆದ್ಮೇಲೆ ಆ ಪದ ತಿಳೀದೋರು ಹಳ್ಳೀಲೂ ಇಲ್ಲ. 'ಲೀಟರಿಗೆ 5 ಮಿಲಿಗ್ರಾಂ ಆಕ್ಸಿಜನ್ ಇದ್ರೆ ಮೀನಿಗೆ ನೆಮ್ಮದಿ, 2ಕ್ಕಿಂತ ಇಳಿದ್ರೆ ಜೀವಕ್ಕೆ ಅಪಾಯ' ಅಂದ್ರೆ ಯಾರೂ ಸುಣ್ಣದ ಮೂಟೆ ಹುಡುಕಲ್ಲ. ಆಮ್ಲಜನಕ ಶಾಲೆ ಪುಸ್ತಕದಲ್ಲಿ ಇರ್ಲಿ, ನನಗೇನೂ ತಕರಾರಿಲ್ಲ.

ಬಾಯಿ ಬಿಡೋದಕ್ಕೆ ಮಾತ್ರ ದಾರಿ ಕಾಣ್ತಿಲ್ಲ. 'ಮೇಲುಸಿರು' ಅಂತ ಬರೆಯೋಣ ಅಂದ್ರೆ ಸಾಯೋ ಮನುಷ್ಯನ ನೆನಪಾಗುತ್ತೆ, ಆದ್ರೆ ಅರ್ಥಕ್ಕೆ ಅದೇ ಹತ್ರ ಅನ್ಸುತ್ತೆ. ಶಿವಮೊಗ್ಗ, ರಾಯಚೂರು, ಬೆಳಗಾವಿ ಕಡೆ ಮೀನು ಸಾಕೋರು ಏನಂತಾರೆ? ಅವ್ರ ಬಾಯಲ್ಲಿರೋದನ್ನ ಹಂಗಂಗೇ ಬರೆದು ಕಳ್ಸಿ.