ಉಕ್ರೇನಿನಿಂದ ಜರ್ಮನಿಗೆ ಬಂದ ಸೊಸೆಗೆ ಯಾವ ವಾಸದ ಪರವಾನಗಿ ಸೂಕ್ತ?

ಪ್ರಶ್ನೆ (ಕಡಿಯಾಳಿ, ಉಡುಪಿ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದಿ, 2018ರಲ್ಲಿ ಅಲ್ಲಿಯ ಹುಡುಗಿಯನ್ನೇ ಮದುವೆಯಾದವನು. 2022ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ಕಳುಹಿಸಿದ ಆಪರೇಷನ್ ಗಂಗಾ ವಿಮಾನದಲ್ಲಿ ಅವನು ಊರಿಗೆ ಬಂದ. ಹಾಸಿಗೆ ಹಿಡಿದಿದ್ದ ತಾಯಿಯನ್ನು ಬಿಟ್ಟು ಬರಲಾಗದೆ ಸೊಸೆ ಮಗುವಿನೊಂದಿಗೆ ತವರಿನಲ್ಲೇ ಉಳಿದಳು. ಕಳೆದ ವಾರ ಮೂವರೂ ಪೋಲೆಂಡ್ ದಾಟಿ ಜರ್ಮನಿಯ ಡ್ರೆಸ್ಡೆನ್ ತಲುಪಿ, ನಮ್ಮೂರಿನ ಪರಿಚಿತರೊಬ್ಬರ ಮನೆಯಲ್ಲಿದ್ದಾರೆ.

ಆಶ್ರಯ ಕೋರಿ ಅರ್ಜಿ ಹಾಕಲಿ ಎಂದು ಕೆಲವರು, ತಾತ್ಕಾಲಿಕ ರಕ್ಷಣೆ ಸಾಕೆಂದು ಕೆಲವರು ಹೇಳುತ್ತಿದ್ದಾರೆ. ತಂಗಿಗಾದರೋ ಎಲ್ಲರನ್ನೂ ಉಡುಪಿಗೇ ಕರೆತರುವ ಹಂಬಲ. ಇನ್ನೊಂದು ತೊಡಕೂ ಇದೆ. ಮಗುವಿನ ಜನನ ಪತ್ರದಲ್ಲಿ ನಮ್ಮ 'ಹೆಗ್ಡೆ' ಉಕ್ರೇನಿನ ಲಿಪಿಗೆ ಹೋಗಿ ಇಂಗ್ಲಿಷಿಗೆ ಮರಳುವಷ್ಟರಲ್ಲಿ 'ಖೆಗ್ಡೆ' ಆಗಿದೆ. ತಂದೆಯ ಪಾಸ್‌ಪೋರ್ಟಿಗೂ ಮಗುವಿನ ಪತ್ರಕ್ಕೂ ಹೆಸರು ತಾಳೆಯಾಗುತ್ತಿಲ್ಲ. ಬಲ್ಲವರು ದಾರಿ ತೋರಿಸಬೇಕು.

ಉತ್ತರ (ಮಣಿಪಾಲ)

ಅಕ್ಕ, ನಾನು ಕೆಲವು ವರ್ಷ ಜರ್ಮನಿಯಲ್ಲಿ ಕೆಲಸ ಮಾಡಿ ಮರಳಿದವನು. ಆಶ್ರಯದ ಅರ್ಜಿಗೆ ಈಗ ಕೈಹಾಕುವುದು ಬೇಡ. ಆ ದಾರಿ ಹಿಡಿದರೆ ಪಾಸ್‌ಪೋರ್ಟನ್ನು ಅಧಿಕಾರಿಗಳಿಗೆ ಒಪ್ಪಿಸಬೇಕಾಗುತ್ತದೆ, ಮೊದಲ ಕೆಲವು ತಿಂಗಳು ದುಡಿಯುವಂತಿಲ್ಲ, ವಿಚಾರಣೆ ಮುಗಿಯುವುದನ್ನು ಕಾಯುತ್ತ ಕೂರಬೇಕು. ಯುಗೊಸ್ಲಾವಿಯದ ಯುದ್ಧಗಳ ಅನುಭವದಿಂದ ಐರೋಪ್ಯ ಒಕ್ಕೂಟವು 2001ರಲ್ಲಿ ರೂಪಿಸಿ, ಎರಡು ದಶಕ ಒಮ್ಮೆಯೂ ಬಳಸದೆ ಇಟ್ಟಿದ್ದ ತಾತ್ಕಾಲಿಕ ರಕ್ಷಣೆಯ ನಿರ್ದೇಶನವನ್ನು 2022ರ ಮಾರ್ಚ್ 4ರಂದು ಜಾರಿಗೆ ತಂದದ್ದೇ ಲಕ್ಷಾಂತರ ಜನರನ್ನು ಹೀಗೆ ಕಾಯಿಸಬಾರದೆಂದು. 2022ರ ಫೆಬ್ರವರಿ 24ಕ್ಕೆ ಮುನ್ನ ಉಕ್ರೇನಿನಲ್ಲಿ ನೆಲೆಸಿದ್ದು, ಆ ದಿನದಿಂದೀಚೆಗೆ ಯುದ್ಧದಿಂದಾಗಿ ಮನೆ ಬಿಟ್ಟ ಅಲ್ಲಿಯ ಪ್ರಜೆಗಳು ಇದಕ್ಕೆ ಅರ್ಹರು. ತಡವಾಗಿ ಹೊರಟರೆಂದು ಹಕ್ಕು ತಪ್ಪುವುದಿಲ್ಲ.

ಜರ್ಮನಿಯಲ್ಲಿ ಇದನ್ನು ವಾಸ ಕಾಯ್ದೆಯ 24ನೇ ಕಲಮಿನಡಿ ಕೊಡುತ್ತಾರೆ. ಸದ್ಯದ ತೀರ್ಮಾನದಂತೆ ರಕ್ಷಣೆಯ ಅವಧಿ 2027ರ ಮಾರ್ಚ್ 4ರವರೆಗಿದೆ. ಸೊಸೆ ಕೆಲಸಕ್ಕೆ ಸೇರಬಹುದು, ಮಗು ಶಾಲೆಗೆ ಹೋಗಬಹುದು, ತಾಯಿಗೆ ಚಿಕಿತ್ಸೆ ಸಿಗುತ್ತದೆ. ಉಕ್ರೇನಿಗರು ಯುರೋಪಿನ ಷೆಂಗೆನ್ ದೇಶಗಳಲ್ಲಿ (ಪರಸ್ಪರ ಗಡಿ ತಪಾಸಣೆ ಕೈಬಿಟ್ಟ ದೇಶಗಳು) 90 ದಿನ ವೀಸಾ ಇಲ್ಲದೆ ಇರಬಹುದೆಂಬುದು ನಿಜವಾದರೂ, ಹಾಸಿಗೆ ಹಿಡಿದವರು ಜೊತೆಗಿರುವಾಗ ಆ ನೆಚ್ಚಿಕೆಯಲ್ಲಿ ದಿನ ಕಳೆಯಬಾರದು.

ಮೊದಲು ಈಗಿರುವ ಮನೆಯ ವಿಳಾಸವನ್ನು ನಗರದ ನಿವಾಸಿಗಳ ನೋಂದಣಿ ಕಚೇರಿಯಲ್ಲಿ ದಾಖಲಿಸಲಿ. ಅದಕ್ಕೆ ಮನೆ ಕೊಟ್ಟವರ ಸಹಿಯ ಪತ್ರ ಬೇಕು. ಉಳಿಯಲು ಜಾಗವಿಲ್ಲದವರನ್ನು ಸರ್ಕಾರ ಬೇರೆ ಊರಿಗೆ ಹಂಚುವುದುಂಟು, ಆದ್ದರಿಂದ ಆ ಪತ್ರವನ್ನು ಹಗುರವಾಗಿ ಕಾಣಬೇಡಿ. ಆಮೇಲೆ ವಿದೇಶಿಯರ ಕಚೇರಿಗೆ ಹೋಗಬೇಕು. ಕಾರ್ಡ್ ಬರುವ ತನಕ ಕೊಡುವ ಕಾಗದದಲ್ಲಿ ಉದ್ಯೋಗಕ್ಕೆ ಅನುಮತಿ ಇದೆಯೆಂಬ ಸಾಲು ಇದೆಯೇ ಎಂದು ಅಲ್ಲಿಯೇ ನಿಂತು ಓದಿಸಿಕೊಳ್ಳಲಿ. ಹೆಸರಿನ ವಿಚಾರದಲ್ಲಿ, ಪ್ರಮಾಣೀಕೃತ ಅನುವಾದಕರಿಗೆ ಜನನ ಪತ್ರದ ಜೊತೆಗೆ ತಂದೆಯ ಪಾಸ್‌ಪೋರ್ಟಿನ ಪ್ರತಿಯನ್ನೂ ಕೊಟ್ಟು, ಎರಡೂ ರೂಪಗಳನ್ನು ನಮೂದಿಸುವಂತೆ ಕೇಳಿಕೊಳ್ಳಿ.

ಒಂದು ವಿಷಯ ತಿಳಿಯಬೇಕು: ಪೋಲೆಂಡ್‌ನಲ್ಲಿ ಅವರು ಪೆಸೆಲ್ (ಅಲ್ಲಿಯ ಸರ್ಕಾರ ಕೊಡುವ ಗುರುತಿನ) ಸಂಖ್ಯೆಯೇನಾದರೂ ಮಾಡಿಸಿಕೊಂಡಿದ್ದರೇ? ಏಕಕಾಲಕ್ಕೆ ಎರಡು ದೇಶಗಳಲ್ಲಿ ಈ ರಕ್ಷಣೆ ಪಡೆಯುವಂತಿಲ್ಲ.

ಉತ್ತರ (ವಕೀಲ, ಮಂಗಳೂರು)

ಅಮ್ಮ, ಭಾರತದ ಮಟ್ಟಿಗೆ ಹೇಳುತ್ತೇನೆ. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರಿಲ್ಲವಾದ್ದರಿಂದ, ಯುದ್ಧದಿಂದ ಪಾರಾಗಿ ಬಂದ ಉಕ್ರೇನಿಗರಿಗೆಂದೇ ಇಲ್ಲಿ ಪರವಾನಗಿ ಇಲ್ಲ. ಏನಿದ್ದರೂ ವೀಸಾದ ಲೆಕ್ಕ. ಸೊಸೆಗೆ ದಾರಿಯಿದೆ. ಭಾರತೀಯನ ಪತ್ನಿಯಾಗಿ ಆಕೆ ಪ್ರವೇಶ ವೀಸಾ ಪಡೆಯಬಹುದು, ಮದುವೆ ನೋಂದಣಿಯಾಗಿ ಎರಡು ವರ್ಷ ಮೀರಿರುವುದರಿಂದ ಓಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡಿಗೂ ಅರ್ಜಿ ಹಾಕಬಹುದು. ತಂದೆ ಭಾರತೀಯನಾದ ಕಾರಣ ಮಗುವಿಗೂ ಓಸಿಐ ಸಾಧ್ಯ. ಬೇಗ ಸಿಗುತ್ತದೆಂದು ಪ್ರವಾಸಿ ವೀಸಾದಲ್ಲಿ ಮಾತ್ರ ಕರೆತರಬೇಡಿ, ಅದರಲ್ಲಿ ಬಂದವರು ಇಲ್ಲಿದ್ದುಕೊಂಡು ಓಸಿಐ ಕೇಳುವಂತಿಲ್ಲ. ಅವರು ಮನೆಗೆ ಬಂದ 24 ಗಂಟೆಯೊಳಗೆ ಮನೆಯವರು ವಿದೇಶಿ ಅತಿಥಿಯ ವಿವರ ತಿಳಿಸುವ ಫಾರ್ಮ್ (ಹಿಂದೆ ಸಿ ಫಾರ್ಮ್ ಎನ್ನುತ್ತಿದ್ದದ್ದು) ತುಂಬಬೇಕೆಂಬುದೂ ನೆನಪಿರಲಿ.

ಕಷ್ಟವಿರುವುದು ನಿಮ್ಮ ತಂಗಿಯ ಬೀಗಿತ್ತಿಯದು. ಅವರಿಗೆ ಓಸಿಐ ಅರ್ಹತೆಯಿಲ್ಲ. ಪ್ರವಾಸಿ ವೀಸಾದ ಅವಧಿ ಮುಗಿದ ಮೇಲೆ ಹಾಸಿಗೆಯಲ್ಲಿರುವವರನ್ನು ಎಲ್ಲಿಗೆ ಕಳುಹಿಸುತ್ತೀರಿ? ಅವರ ಸಲುವಾಗಿಯಾದರೂ ಸದ್ಯಕ್ಕೆ ಜರ್ಮನಿಯೇ ಸರಿ ಎಂದು ನನಗನ್ನಿಸುತ್ತದೆ.

ಪ್ರಶ್ನಿಸಿದವರು

ಇಬ್ಬರಿಗೂ ಕೃತಜ್ಞತೆಗಳು. ಪೋಲೆಂಡ್‌ನಲ್ಲಿ ಒಂದು ರಾತ್ರಿ ತಂಗಿದ್ದು ಬಿಟ್ಟರೆ ಏನನ್ನೂ ಮಾಡಿಸಿಕೊಂಡಿಲ್ಲವಂತೆ. ನಮ್ಮ ಹುಡುಗನೇ ಅಲ್ಲಿಗೆ ಹೋಗಿ, ಪತಿಯೆಂಬ ನೆಲೆಯಲ್ಲಿ ಅದೇ ರಕ್ಷಣೆ ಪಡೆಯಬಹುದೇ? ಅವನು ಈಗ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ವೈದ್ಯ.

ಉತ್ತರ (ಮಣಿಪಾಲ)

ಕುಟುಂಬ 2022ರ ಫೆಬ್ರವರಿ 24ಕ್ಕೆ ಮುನ್ನವೇ ಉಕ್ರೇನಿನಲ್ಲಿ ಇದ್ದಿದ್ದರೆ ಪತಿ ಬೇರೆ ದೇಶದವನಾದರೂ ರಕ್ಷಣೆ ಅವನಿಗೂ ಸಲ್ಲುತ್ತದೆಂದು ಒಕ್ಕೂಟದ ತೀರ್ಮಾನದಲ್ಲಿದೆ. ಅಂದು ಇಬ್ಬರೂ ಜೊತೆಯಾಗಿ ಗಡಿ ದಾಟಿದ್ದರೆ ಮಾತು ಸುಲಭವಿತ್ತು. ಒಕ್ಕೂಟದ ಹೊರಗಿರುವ ಪತಿಯನ್ನು ಕರೆಸಿಕೊಳ್ಳುವಾಗ ಅವನಿಗೂ ರಕ್ಷಣೆಯ ಅಗತ್ಯವಿರಬೇಕೆಂದು ಜರ್ಮನಿಯ ಕಾಯ್ದೆ ಕೇಳುತ್ತದೆ. ಉಡುಪಿಯಲ್ಲಿ ಸುರಕ್ಷಿತವಾಗಿರುವ ಭಾರತೀಯ ವೈದ್ಯ ಅದನ್ನು ತೋರಿಸುವುದು ಬಹಳ ಕಷ್ಟ.

ಆದ್ದರಿಂದ ಅವರು ವೈದ್ಯರಾಗಿಯೇ ಹೋಗುವುದು ಒಳ್ಳೆಯದು. ಜರ್ಮನ್ ಭಾಷೆಯಲ್ಲಿ ಬಿ2 ಮಟ್ಟ, ಅದರ ಮೇಲೆ ಸಿ1 ಮಟ್ಟದ ವೈದ್ಯಕೀಯ ಭಾಷಾ ಪರೀಕ್ಷೆ, ಜೊತೆಗೆ ಪದವಿಯ ಮಾನ್ಯತೆ ಬೇಕು. ವೀಸಾ ಅರ್ಜಿ ಬೆಂಗಳೂರಿನ ಜರ್ಮನ್ ದೂತಾವಾಸಕ್ಕೆ ಹೋಗುತ್ತದೆ. ಭಾಷೆಗೇ ಹೆಚ್ಚು ಕಾಲ ಹಿಡಿಯುವುದರಿಂದ ತರಗತಿಯನ್ನು ಈ ತಿಂಗಳೇ ಆರಂಭಿಸಲಿ. ಖಾರ್ಕಿವ್‌ನ ಮೂಲ ಅಂಕಪಟ್ಟಿಗಳು ಅವರ ಬಳಿ ಇವೆಯೇ?

ಪ್ರಶ್ನಿಸಿದವರು

ಇವೆ. ಅಂದು ಗಡಿಯವರೆಗೆ ನಡೆಯುವಾಗ ಅಂಗಿಯ ಒಳಗೆ ಕಟ್ಟಿಕೊಂಡು ತಂದಿದ್ದ, ಅಂಚು ಮಾತ್ರ ನೀರಿಗೆ ನೆಂದಿದೆ. ಸೊಸೆ ಸೋಮವಾರ ವಿಳಾಸ ನೋಂದಣಿಗೆ ಹೋಗುತ್ತಾಳೆ. ಮೊಮ್ಮಗನನ್ನು ಕರೆತರುವ ಬದಲು ತಾನೇ ಹೋಗಿ ನೋಡಿ ಬರುತ್ತೇನೆಂದು ತಂಗಿ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೊರಟಿದ್ದಾಳೆ.