ಫೇಸ್‌ಬುಕ್ ಪೋಸ್ಟಿಗೆ ಮಾನನಷ್ಟ ನೋಟಿಸು: ವಿಮೆ ಸಿಗುತ್ತದಾ?

ತೀರ್ಥಹಳ್ಳಿ ಕಡೆಯವನು. ಮಂಡಿಯೊಂದರಲ್ಲಿ ಅಡಿಕೆ ತೂಕದಲ್ಲಿ ಮೋಸ ಮಾಡಿದ್ದನ್ನು ತೂಕದ ಚೀಟಿ ಸಮೇತ ಫೇಸ್‌ಬುಕ್‌ನಲ್ಲಿ ಹಾಕಿದ್ದೆ. 5 ಲಕ್ಷ ಕೇಳಿ ವಕೀಲರ ನೋಟಿಸು ಬಂದಿದೆ. ಬರೆದದ್ದು ಸತ್ಯ, ಅಳಿಸುವುದಿಲ್ಲ. ಮನೆ ವಿಮೆಯಲ್ಲಿ ದುಡ್ಡು ಬರುತ್ತದಾ?

ಸಾಗರದ ಏಜೆಂಟ್: ಕಷ್ಟ. ಮನೆ ವಿಮೆಯ ಹೊಣೆಗಾರಿಕೆ ಭಾಗ (ನಿಮ್ಮಿಂದ ಬೇರೆಯವರಿಗಾದ ನಷ್ಟ ಕಟ್ಟುವುದು) ಸಾಮಾನ್ಯವಾಗಿ ಬೇರೆಯವರ ಮೈಗೆ ಪೆಟ್ಟು, ಆಸ್ತಿಗೆ ಹಾನಿಯಾದರೆ ಮಾತ್ರ. ಕೆಲವು ವೈಯಕ್ತಿಕ ಸೈಬರ್ ಪಾಲಿಸಿಗಳಲ್ಲಿ (ಆನ್‌ಲೈನ್ ತೊಂದರೆಗಳ ವಿಮೆ) ‘ಮೀಡಿಯಾ ಲಯಬಿಲಿಟಿ’, ಅಂದರೆ ಆನ್‌ಲೈನ್‌ನಲ್ಲಿ ಹಾಕಿದ್ದರಿಂದ ಬರುವ ಹೊಣೆಯ ಕವರ್, ಇರುತ್ತದೆ. ಮಾನನಷ್ಟ ದಾವೆ, ವಕೀಲರ ಖರ್ಚು ಅದರಲ್ಲಿ ಬರಬಹುದು. ಮೊದಲೇ ಮಾಡಿಸಿದ್ದರೆ ಇವತ್ತೇ ಕಂಪನಿಗೆ ತಿಳಿಸಿ. ಅವರ ಒಪ್ಪಿಗೆಗೆ ಮುಂಚೆ ವಕೀಲರಿಗೆ ದುಡ್ಡು ಕಟ್ಟಬೇಡಿ. ಈಗ ಹೊಸದಾಗಿ ಕೊಂಡರೆ ಈ ನೋಟಿಸಿಗೆ ಸಿಗದು.

ಶಿವಮೊಗ್ಗದ ವಕೀಲೆ: ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 356ರಡಿ ದೂರು ಕೊಟ್ಟರೆ 2 ವರ್ಷದವರೆಗೆ ಸಜೆಯಾಗಬಹುದು. ಪರಿಹಾರ ಕೇಳುವ ಸಿವಿಲ್ ದಾವೆಯಲ್ಲಿ ಸತ್ಯ ಸಾಬೀತಾದರೆ ಸಾಕು. ಕ್ರಿಮಿನಲ್‌ನಲ್ಲಿ ಸಾರ್ವಜನಿಕ ಹಿತವನ್ನೂ ತೋರಿಸಬೇಕು. ಮೂಲ ಚೀಟಿ ಜೋಪಾನ ಮಾರಾಯ್ರೆ!

ಕೇಳಿದವನು: ಚೀಟಿ ಬೀರುವಿನಲ್ಲಿದೆ. ಮಗ ಸೈಬರ್ ಪಾಲಿಸಿ ಮಾಡಿಸಿದ್ದಾನೆ. ಅದರಲ್ಲಿ ಅಪ್ಪನೂ ಸೇರುತ್ತಾನಾ?

ಏಜೆಂಟ್: ಫ್ಯಾಮಿಲಿ ಕವರ್ ಇದ್ದು, ನಿಮ್ಮ ಹೆಸರಿದ್ದರೆ ಹೌದು. ಪಾಲಿಸಿಯಲ್ಲಿ ಯಾರ ಹೆಸರಿದೆ ಎಂದು ತೋರಿಸುವ ಷೆಡ್ಯೂಲ್ ಪುಟ ನೋಡಿ.