ದೆಹಲಿಯ ಯಮುನೆಯ ದಡದಲ್ಲಿ ಎರಡು ದಿನ: ಹಕ್ಕಿ ನೋಡಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಧಾರವಾಡದಿಂದ ಜನವರಿಯಲ್ಲಿ ಅಣ್ಣನ ಮನೆಗೆ ಬರುತ್ತಿದ್ದೇನೆ. ಹತ್ತು ವರ್ಷದ ಮಗಳಿಗೆ ಹಕ್ಕಿಗಳೆಂದರೆ ಪ್ರಾಣ. ಶನಿವಾರ, ಭಾನುವಾರ ಹೆಚ್ಚು ಅಲೆದಾಡದೆ ನದಿಯ ಬದಿಯಲ್ಲೇ ನಡೆಯುತ್ತಾ ಹಕ್ಕಿ ನೋಡಬಹುದಾದ ಜಾಗಗಳನ್ನು ದಯವಿಟ್ಟು ತಿಳಿಸುವಿರಾ?

ಉತ್ತರ 1: ಶನಿವಾರ ಓಖ್ಲಾ ಪಕ್ಷಿಧಾಮಕ್ಕೆ ಹೋಗಿ, ಅದೇ ಹೆಸರಿನ ಮೆಟ್ರೊ ನಿಲ್ದಾಣವೂ ಇದೆ. ಬ್ಯಾರೇಜಿನ ಹಿಂದೆ ನಿಂತ ನೀರಿನಲ್ಲಿ ಚಳಿಗಾಲದ ಬಾತುಗಳು ಇಳಿದಿರುತ್ತವೆ. ಸಲಿಕೆಯಂಥ ಚಪ್ಪಟೆ ಕೊಕ್ಕಿನ ಬಾತನ್ನು ಮಗಳಿಗೆ ತಪ್ಪದೆ ತೋರಿಸಿ: ಅದು ಕೊಕ್ಕನ್ನು ನೀರಿನ ಮೇಲ್ಮೈಯಲ್ಲಿ ಅದ್ದಿ, ತಲೆಯನ್ನು ಅತ್ತಿತ್ತ ಆಡಿಸುತ್ತಾ ಮುಂದೆ ಸಾಗುತ್ತದೆ, ಕೊಕ್ಕಿನ ಅಂಚಿನ ಬಾಚಣಿಗೆಯಂಥ ಎಳೆಗಳು ನೀರನ್ನು ಸೋಸಿ ಸಣ್ಣ ಜೀವಿಗಳನ್ನು ಉಳಿಸಿಕೊಳ್ಳುತ್ತವೆ. ಬೆಳಗಿನ ಮಂಜು ದಟ್ಟವಾಗಿದ್ದರೆ ಆತುರಪಡಬೇಡಿ, ಬಿಸಿಲು ಬಂದ ಮೇಲೆ ಹೊರಡಿ.

ಉತ್ತರ 2: ಭಾನುವಾರಕ್ಕೆ ವಜೀರಾಬಾದಿನ ಬಳಿಯ ಯಮುನಾ ಜೀವವೈವಿಧ್ಯ ಉದ್ಯಾನ ನನ್ನ ಆಯ್ಕೆ. ಹಾಳುಬಿದ್ದ ನೆಲದಲ್ಲಿ ಜೌಗು, ಹುಲ್ಲುಗಾವಲು, ಕಾಡನ್ನು ಮತ್ತೆ ಬೆಳೆಸಿದ ಜಾಗವದು. ಪ್ರವೇಶದ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಿ. ಯಮುನಾ ಘಾಟಿನಲ್ಲಿ ಚಳಿಗಾಲದ ಕಡಲಕ್ಕಿಗಳ ಹಿಂಡು ದೋಣಿಯ ಸುತ್ತಲೇ ಹಾರುತ್ತದೆ. ಜನರು ಎಸೆಯುವ ಖಾರಾ ಸೇವ್ ಅವುಗಳ ಆಹಾರವಲ್ಲ, ಆದ್ದರಿಂದ ನೀವು ಕೊಳ್ಳಬೇಡಿರೆಂದು ಕೇಳಿಕೊಳ್ಳುತ್ತೇನೆ.

ಉತ್ತರ 3: ಓಖ್ಲಾದಲ್ಲಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತು ಸಿಕ್ಕರೆ ಮಗಳಿಗೆ ಹೇಳಿ, ಇದೇ ಜಾತಿಯ ಹಕ್ಕಿಗಳು ಹಿಮಾಲಯ ದಾಟಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ. ಧಾರವಾಡಕ್ಕೆ ಮರಳಿದ ಮೇಲೆ ಅಲ್ಲಿಗೂ ಕರೆದುಕೊಂಡು ಹೋಗಬಹುದು.